ಡಬ್ಬಿಯ ಮೇಲಿನ ಹೆಸರು

ಎಲೆಕ್ಟ್ರಾನಿಕ್ಸ್ ಹುಚ್ಚು ಹಿಡಿದವರ ಮನೆಯಲ್ಲಿ ಜಗಳ ಶುರುವಾಗುವುದು ಸಾಮಾನ್ಯವಾಗಿ ಡಬ್ಬಿಗಳಿಂದ. ಮೊದಲು ಒಂದು ಬಿಸ್ಕತ್ತಿನ ಡಬ್ಬಿ ಬರುತ್ತದೆ. ಆಮೇಲೆ ಎರಡು ಐಸ್‌ಕ್ರೀಮ್ ಡಬ್ಬಿ, ಅದಾದ ಮೇಲೆ ಮಗಳು ಬಿಸಾಕಿದ ಕಂಪಾಸ್ ಬಾಕ್ಸ್. ಪುಣೆಯ ಎರಡು ಬೆಡ್‌ರೂಮಿನ ಬಾಡಿಗೆ ಮನೆಯಲ್ಲಿ ಬಾಲ್ಕನಿಯ ಒಂದು ಮೂಲೆ ಹೀಗೆ ಮೆಲ್ಲಗೆ ಮನೆಯವರ ಕೈತಪ್ಪುತ್ತದೆ. ಹಗಲೆಲ್ಲ ಪ್ರಾಜೆಕ್ಟು, ಡೆಡ್‌ಲೈನು, ಕ್ಲೈಂಟ್ ಕಾಲ್ ಎಂದು ಕಳೆಯುವ ನನ್ನಂಥವನಿಗೆ ರಾತ್ರಿ ಹತ್ತರ ಮೇಲೆ ಆ ಮೂಲೆಯಲ್ಲೇ ಉಸಿರಾಟ. ಹನ್ನೆರಡು ವರ್ಷಗಳಲ್ಲಿ ನಾಲ್ಕು ಮನೆ ಬದಲಾಯಿಸಿದ್ದೇವೆ. ನಾಲ್ಕು ಸಲವೂ ಈ ಡಬ್ಬಿಗಳನ್ನು ಕಟ್ಟಿ, ಬಿಚ್ಚಿ, ಮತ್ತೆ ಜೋಡಿಸಿದ್ದೇನೆ. ಹಾಗೆ ಜೋಡಿಸುತ್ತಾ ಜೋಡಿಸುತ್ತಾ ಒಂದು ಸಂಗತಿ ಗಮನಕ್ಕೆ ಬಂತು. ಈ ಸಣ್ಣ ಸಾಮಾನುಗಳಿಗೂ ಅವುಗಳನ್ನು ಇಡುವ ಡಬ್ಬಿಗಳಿಗೂ ಒಂದು ಚರಿತ್ರೆ ಇದೆ. ಒಂದು ಸಾದಾ ಪ್ರಶ್ನೆಯಿಂದ ಅದನ್ನು ಶುರು ಮಾಡಬಹುದು: ರೆಸಿಸ್ಟರ್‌ಗಳನ್ನು ಬೇರೆ ಬೇರೆ ಮಾಡಿ ಇಡಲು ಎಷ್ಟು ಖಾನೆ ಬೇಕು?

ಅರವತ್ತೊಂದು ಖಾನೆ

ಉತ್ತರ 61. ಹತ್ತು ಓಮ್‌ನಿಂದ ಹಿಡಿದು ಹತ್ತು ಲಕ್ಷ ಓಮ್‌ವರೆಗೆ, ಸಾಮಾನ್ಯ ಕೆಲಸಕ್ಕೆ ಬೇಕಾಗುವ ರೆಸಿಸ್ಟರ್‌ಗಳಷ್ಟನ್ನೂ ಅರವತ್ತೊಂದು ಖಾನೆಗಳಲ್ಲಿ ಇಡಬಹುದು. ಈ ಸಂಖ್ಯೆ ಅಂಗಡಿಯವರೋ ಡಬ್ಬಿ ಮಾಡುವವರೋ ಹೇಳಿದ್ದಲ್ಲ. ಅದರ ಬೇರು ಹೈಡ್ರೋಜನ್ ಬಲೂನಿನ ಹಗ್ಗದಲ್ಲಿದೆ.

1870ರ ದಶಕದಲ್ಲಿ ಫ್ರೆಂಚ್ ಸೇನೆಯಲ್ಲಿ ಶಾರ್ಲ್ ರೆನಾರ್ ಎಂಬ ಇಂಜಿನಿಯರ್ ಇದ್ದ. ಮುಂದೆ 1884ರಲ್ಲಿ, ಹಾರಿಹೋಗಿ ಹೊರಟ ಜಾಗಕ್ಕೇ ಮರಳಿ ಬಂದ ‘ಲಾ ಫ್ರಾನ್ಸ್’ ಎಂಬ ವಾಯುನೌಕೆಯನ್ನು ಕಟ್ಟಿದವರಲ್ಲಿ ಇವನೂ ಒಬ್ಬ. ಸೇನೆಯ ಬಲೂನುಗಳನ್ನು ನೆಲಕ್ಕೆ ಕಟ್ಟಿಹಾಕಲು ಬಳಸುತ್ತಿದ್ದ ಹಗ್ಗಗಳಲ್ಲಿ 425 ಬೇರೆ ಬೇರೆ ದಪ್ಪಗಳಿದ್ದವು. ಉಗ್ರಾಣದಲ್ಲಿ ಅಷ್ಟನ್ನೂ ಇಟ್ಟುಕೊಳ್ಳಬೇಕು, ಯಾವುದೂ ಬೇಕಾದ ಹೊತ್ತಿಗೆ ಕೈಗೆ ಸಿಗುವುದಿಲ್ಲ. ರೆನಾರ್ ಅವನ್ನು 17ಕ್ಕೆ ಇಳಿಸಿದ. ಅವನ ಉಪಾಯ ಸರಳ: ಒಂದು ಅಳತೆಯಿಂದ ಮುಂದಿನದಕ್ಕೆ ಹೋಗುವಾಗ ಇಂತಿಷ್ಟು ಎಂದು ಕೂಡಿಸುವ ಬದಲು ಇಂತಿಷ್ಟು ಪಾಲು ಎಂದು ಗುಣಿಸುತ್ತಾ ಹೋಗುವುದು. 10, 16, 25, 40, 63, 100 – ಐದು ಹೆಜ್ಜೆಗೆ ಹತ್ತು ಪಟ್ಟು. ಸಣ್ಣ ಅಳತೆಗಳ ನಡುವೆ ಸಣ್ಣ ಅಂತರ, ದೊಡ್ಡವುಗಳ ನಡುವೆ ದೊಡ್ಡ ಅಂತರ. ಮಧ್ಯದ್ದು ಬೇಕಾದವನು ಹತ್ತಿರದ್ದನ್ನು ತೆಗೆದುಕೊಂಡರೆ ನಷ್ಟ ಎಲ್ಲ ಕಡೆಯೂ ಒಂದೇ ಪ್ರಮಾಣದ್ದು.

ರೇಡಿಯೊ ಬಂದಾಗ ಇದೇ ಉಗ್ರಾಣದ ಸಮಸ್ಯೆ ಮತ್ತೆ ಬಂತು. ಆಗಿನ ಕಾರ್ಬನ್ ರೆಸಿಸ್ಟರ್‌ಗಳನ್ನು ಕರಾರುವಾಕ್ಕಾಗಿ ತಯಾರಿಸಲು ಬರುತ್ತಿರಲಿಲ್ಲ. ಒಂದೇ ಒಲೆಯಿಂದ ಬಂದ ರೊಟ್ಟಿಗಳಂತೆ ಒಂದು ದಪ್ಪ, ಒಂದು ತೆಳು. ತಯಾರಾದ ಮೇಲೆ ಅಳೆದು ಗುಂಪು ಮಾಡಬೇಕು. 10, 12, 15, 18, 22, 27, 33, 39, 47, 56, 68, 82 – ಎಲೆಕ್ಟ್ರಾನಿಕ್ಸ್ ಓದಿದ ಯಾರಿಗಾದರೂ ಬಾಯಿಪಾಠವಾಗಿರುವ ಈ ವಿಚಿತ್ರ ಸರಣಿಯ ಗುಟ್ಟು ಇಲ್ಲಿದೆ. ಶೇಕಡಾ 10ರಷ್ಟು ಆಚೀಚೆ ಆದರೂ ಪರವಾಗಿಲ್ಲ ಎಂದುಕೊಳ್ಳಿ. ಆಗ 10ರ ಖಾನೆಗೆ 9ರಿಂದ 11ರವರೆಗಿನದು ಬೀಳುತ್ತದೆ, 12ರ ಖಾನೆಗೆ 10.8ರಿಂದ 13.2, 15ರ ಖಾನೆಗೆ 13.5ರಿಂದ 16.5. ಹೀಗೆ ಹನ್ನೆರಡು ಖಾನೆ ಇಟ್ಟರೆ ಹತ್ತರಿಂದ ನೂರರವರೆಗೆ ಹೆಚ್ಚುಕಡಿಮೆ ಸಂದೇ ಇಲ್ಲ. ಕಾರ್ಖಾನೆಯಿಂದ ಏನೇ ಬರಲಿ, ಅದು ಯಾವುದಾದರೂ ಒಂದು ಖಾನೆಗೆ ಸೇರುತ್ತದೆ. ಎಸೆಯುವಂಥದ್ದು ಬಹಳ ಕಡಿಮೆ.

1948ರಲ್ಲಿ ಸ್ಟಾಕ್‌ಹೋಮಿನಲ್ಲಿ ಸೇರಿದ ಅಂತಾರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗದ ಸಮಿತಿ ಈ ವಿಷಯವನ್ನು ಕೈಗೆತ್ತಿಕೊಂಡಿತು. ರೆನಾರನ ಸರಣಿಯನ್ನೇ ತರೋಣ ಎಂಬ ಆಸೆ ಇತ್ತು. ಆದರೆ ಅಷ್ಟರಲ್ಲಿ ಕೆಲವು ದೇಶಗಳ ಕಾರ್ಖಾನೆಗಳು ಹನ್ನೆರಡರ ಲೆಕ್ಕಕ್ಕೆ ಒಗ್ಗಿಹೋಗಿದ್ದವು. ಕಡೆಗೆ 1952ರಲ್ಲಿ ಪ್ರಕಟವಾದ ಐಇಸಿ 63 ಎಂಬ ಮಾನಕ, ರೂಢಿಯಲ್ಲಿದ್ದ ಹನ್ನೆರಡನ್ನೇ ಒಪ್ಪಿಕೊಂಡಿತು. ಗಣಿತದ ಪ್ರಕಾರ 32 ಬರಬೇಕಾದ ಕಡೆ ಇವತ್ತಿಗೂ 33 ಇದೆ, 46 ಬರಬೇಕಾದ ಕಡೆ 47 ಇದೆ. ಈ ಸರಣಿಗೆ ಇ12 ಎಂದು ಹೆಸರು. ಹತ್ತರಿಂದ ಹತ್ತು ಲಕ್ಷಕ್ಕೆ ಐದು ಸುತ್ತು, ಸುತ್ತಿಗೆ ಹನ್ನೆರಡು, ಕೊನೆಯ ಒಂದು ಮೆಗಾಓಮ್ ಸೇರಿಸಿ 61. ಶೇಕಡಾ 5ರ ಇ24 ಸರಣಿ ಇಟ್ಟುಕೊಳ್ಳುತ್ತೇನೆ ಎಂದರೆ 121 ಖಾನೆ ಬೇಕು. ಶೇಕಡಾ 1ರ ಇ96 ಎಂದರೆ 481. ಅಷ್ಟಕ್ಕೆ ಬಾಲ್ಕನಿ ಸಾಲುವುದಿಲ್ಲ, ಸಂಸಾರವೂ ಉಳಿಯುವುದಿಲ್ಲ.

ಮೈಮೇಲೆ ಬರೆದ ಹೆಸರು

ಗುಂಪು ಮಾಡಿದ್ದಾಯಿತು, ಗುರುತು ಹಾಕುವುದು ಹೇಗೆ? ಅಕ್ಕಿ ಕಾಳಿನ ಎರಡು ಮೂರು ಪಟ್ಟು ಉದ್ದದ, ಉರುಳುವ ಕೊಳವೆಯ ಮೇಲೆ ಅಂಕಿ ಅಚ್ಚು ಹಾಕಿದರೆ ಅದು ಉಜ್ಜಿ ಹೋಗುತ್ತದೆ, ಬೆಸುಗೆ ಹಾಕಿದ ಮೇಲೆ ಬರಹ ಕೆಳಮುಖವಾದರೆ ಓದಲೂ ಆಗದು. ಅಮೆರಿಕದ ರೇಡಿಯೊ ತಯಾರಕರ ಸಂಘ ಬಣ್ಣಗಳ ಮೊರೆಹೋಯಿತು. ಮೊದಮೊದಲು ಮೈಗೆ ಒಂದು ಬಣ್ಣ, ತುದಿಗೆ ಒಂದು, ನಡುವೆ ಒಂದು ಚುಕ್ಕೆ ಇರುತ್ತಿತ್ತು. ಮುಂದೆ ಅದು ಸುತ್ತಲೂ ಎಳೆದ ಪಟ್ಟಿಗಳಾಯಿತು. ಪಟ್ಟಿಗೆ ಬೆನ್ನು, ಹೊಟ್ಟೆ ಎಂಬುದಿಲ್ಲ. ಹೇಗೆ ಉರುಳಿದರೂ ಕಾಣುತ್ತದೆ. ಕಪ್ಪು ಸೊನ್ನೆ, ಕಂದು ಒಂದು, ನಡುವೆ ಕಾಮನಬಿಲ್ಲಿನ ಕ್ರಮದಲ್ಲಿ ಕೆಂಪಿನಿಂದ ನೇರಳೆಯವರೆಗೆ ಎರಡರಿಂದ ಏಳು, ಬೂದು ಎಂಟು, ಬಿಳಿ ಒಂಬತ್ತು.

ನಮ್ಮ ದೇಶದಲ್ಲಿ ಇದನ್ನು ಕಲಿತವರೆಲ್ಲ ಒಬ್ಬರೇ ಗುರುವಿನ ಶಿಷ್ಯರು: ‘ಬಿ.ಬಿ. ರಾಯ್ ಆಫ್ ಗ್ರೇಟ್ ಬ್ರಿಟನ್ ಹ್ಯಾಡ್ ಎ ವೆರಿ ಗುಡ್ ವೈಫ್’. ಈ ರಾಯ್ ಯಾರು ಎಂದು ಯಾರೂ ಕೇಳಿದ್ದಿಲ್ಲ. ಸುರತ್ಕಲ್ಲಿನಲ್ಲಿ ಓದಿದವನಿಗೂ ಖರಗ್‌ಪುರದಲ್ಲಿ ಓದಿದವನಿಗೂ ಅವರ ಹೆಂಡತಿ ಒಳ್ಳೆಯವರು ಎಂಬುದು ಗೊತ್ತು, ಅಷ್ಟೆ. ಬಣ್ಣದ ಈ ಲಿಪಿಯ ದೊಡ್ಡ ಗುಣ ಏನೆಂದರೆ ಅದಕ್ಕೆ ಭಾಷೆ ಇಲ್ಲ. ಹಳದಿ, ನೇರಳೆ, ಕಿತ್ತಳೆ ಎಂದರೆ ಧಾರವಾಡದಲ್ಲೂ ಟೋಕಿಯೋದಲ್ಲೂ 47 ಕಿಲೋಓಮ್.

ನಮ್ಮ ಅಡುಗೆಮನೆಯ ಒಗ್ಗರಣೆ ಡಬ್ಬಿಗೂ ಇದೇ ಗುಣ. ಏಳು ಬಟ್ಟಲಿನಲ್ಲಿ ಒಂದಕ್ಕೂ ಚೀಟಿ ಅಂಟಿಸಿರುವುದಿಲ್ಲ. ಸಾಸಿವೆ, ಜೀರಿಗೆ, ಮೆಂತ್ಯ, ಅರಿಸಿನ ತಂತಮ್ಮ ಹೆಸರನ್ನು ತಾವೇ ಹೊತ್ತಿವೆ. ಡಬ್ಬಿ ಮಗುಚಿ ಎಲ್ಲ ಬೆರೆತರೂ ಕೂತು ಆರಿಸಬಹುದು. ಹಾಗೆಯೇ ಈ ಕಾಲದ ಬಿಡಿಭಾಗಗಳಿಗೆ ಡಬ್ಬಿ ಎಂಬುದು ಬರೀ ಅನುಕೂಲ. ಅದು ಹೋದರೂ ಹೆಸರು ಹೋಗುತ್ತಿರಲಿಲ್ಲ.

ಬೆಂಕಿಪೊಟ್ಟಣದ ಬೀರು

ಡೆನ್ಮಾರ್ಕಿನ ರಾಕೊ, ಅಮೆರಿಕದ ಆಕ್ರೋ-ಮಿಲ್ಸ್ ಮುಂತಾದ ಕಂಪನಿಗಳು ಪಾರದರ್ಶಕ ಪ್ಲಾಸ್ಟಿಕ್ ಡ್ರಾಯರುಗಳ ಬೀರು ಮಾಡಿ ಮಾರಿದವು. ಪಶ್ಚಿಮದ ಹವ್ಯಾಸಿಗಳ ಗ್ಯಾರೇಜಿನ ಗೋಡೆಯಲ್ಲಿ ಅವು ಸಾಲಾಗಿ ಕೂತಿರುತ್ತವೆ. ನಮ್ಮಲ್ಲಿ ಗ್ಯಾರೇಜೂ ಇರಲಿಲ್ಲ, ಆ ಬೀರುವೂ ಇರಲಿಲ್ಲ. ಹಾರ್ಲಿಕ್ಸ್ ಬಾಟಲಿ, ಫೋಟೋ ಸ್ಟುಡಿಯೋದವರು ಕೊಟ್ಟ ಫಿಲ್ಮ್ ರೋಲಿನ ಡಬ್ಬಿ, ಬೆಂಕಿಪೊಟ್ಟಣ ಇದ್ದವು. ಇಪ್ಪತ್ತು ಖಾಲಿ ಬೆಂಕಿಪೊಟ್ಟಣಗಳನ್ನು ಅಂಟಿನಿಂದ ಒಂದರ ಮೇಲೊಂದು ಜೋಡಿಸಿ, ಸುತ್ತ ರಟ್ಟು ಸುತ್ತಿ, ಒಂದೊಂದರ ಮುಂದೆ ಅಂಗಿಯ ಗುಂಡಿ ಹೊಲಿದರೆ ಇಪ್ಪತ್ತು ಡ್ರಾಯರಿನ ಬೀರು ಸಿದ್ಧ.

ಹೀಗೆ ಕೂಡಿಡುವುದಕ್ಕೆ ಜಿಪುಣತನ ಕಾರಣವಲ್ಲ. ಆಮದಿಗೆ ಬಿಗಿ ಕಟ್ಟುಪಾಡಿದ್ದ ಕಾಲ ಅದು. ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲಿ ಶುರುವಾದ ಬಿಇಎಲ್ ಮುಂದೆ ಟ್ರಾನ್ಸಿಸ್ಟರ್‌ಗಳನ್ನೂ ತಯಾರಿಸಿತು. ದೆಹಲಿಯಿಂದ 1969ರಲ್ಲಿ ‘ಎಲೆಕ್ಟ್ರಾನಿಕ್ಸ್ ಫಾರ್ ಯೂ’ ಪತ್ರಿಕೆ ಹೊರಡತೊಡಗಿತು. ಅದರಲ್ಲಿನ ಸರ್ಕ್ಯೂಟ್ ನೋಡಿ ಕಟ್ಟಬೇಕೆಂದರೆ ಸಾಮಾನು ಹುಡುಕಿಕೊಂಡು ಬೀದಿಗೆ ಇಳಿಯಬೇಕಿತ್ತು. ಬೆಂಗಳೂರಿನ ಎಸ್‌.ಪಿ. ರಸ್ತೆ, ಮುಂಬೈಯ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈನ ರಿಚಿ ಸ್ಟ್ರೀಟ್, ದೆಹಲಿಯಲ್ಲಿ ಕೆಂಪುಕೋಟೆಯ ಎದುರಿನ ಲಜಪತ್ ರಾಯ್ ಮಾರ್ಕೆಟ್ – ಊರು ಬಿಟ್ಟು ಬಂದ ನಮ್ಮಂಥವರಲ್ಲಿ ಎಷ್ಟೋ ಮಂದಿಗೆ ಹೊಸ ನಗರದಲ್ಲಿ ಮೊದಲು ಪರಿಚಯವಾದ ಬೀದಿ ಇದೇ ಇರಬೇಕು. ಕೆಟ್ಟ ರೇಡಿಯೊದಿಂದ ಬಿಚ್ಚಿದ್ದನ್ನೂ ತಂತಿ ನೇರ ಮಾಡಿ ಇಟ್ಟುಕೊಳ್ಳುತ್ತಿದ್ದರು. ಯಾವಾಗ ಬೇಕಾದರೂ ಅದರ ಮೈಮೇಲಿನ ಪಟ್ಟಿ ನೋಡಿ ಏನೆಂದು ಹೇಳಬಹುದು ಎಂಬ ಧೈರ್ಯ ಇದ್ದುದರಿಂದಲೇ ಕೂಡಿಡುವುದಕ್ಕೆ ಅರ್ಥ ಇತ್ತು.

ಡಬ್ಬಿ ರಕ್ಷಕನಾದದ್ದು

1968ರಲ್ಲಿ ಅಮೆರಿಕದ ಆರ್‌ಸಿಎ ಕಂಪನಿ ಸಿಮಾಸ್ ಜಾತಿಯ ಐಸಿಗಳನ್ನು ಮಾರುಕಟ್ಟೆಗೆ ತಂದಿತು. ಅತಿ ಕಡಿಮೆ ವಿದ್ಯುತ್ ಸಾಕು ಎಂಬುದು ಅವುಗಳ ಹೆಚ್ಚುಗಾರಿಕೆ. ಆದರೆ ಅವುಗಳ ಒಳಗಿನ ಆಕ್ಸೈಡ್ ಪದರ ಎಷ್ಟು ತೆಳುವೆಂದರೆ, ಚಳಿಗಾಲದಲ್ಲಿ ಸ್ವೆಟರ್ ಬಿಚ್ಚುವಾಗ ಚಟಚಟ ಎನ್ನುತ್ತದಲ್ಲ, ಆ ಸ್ಥಾಯೀ ವಿದ್ಯುತ್ತೇ ಸಾಕು ಅದನ್ನು ತೂತು ಮಾಡಲು. ಅಲ್ಲಿಯವರೆಗೆ ಡಬ್ಬಿ ಯಾವುದಾದರೇನು ಎಂಬಂತಿತ್ತು. ಈಗ ಡಬ್ಬಿಯೇ ಸಾಮಾನನ್ನು ಕೊಲ್ಲಬಲ್ಲದಾಯಿತು.

ನಮ್ಮ ಕಡೆ ಐಸಿಗಳನ್ನು ಥರ್ಮಾಕೋಲ್ ತುಂಡಿಗೆ ಚುಚ್ಚಿಡುವುದು ರೂಢಿ, ಕಾಲು ಬಾಗದಿರಲಿ ಎಂದು. ಥರ್ಮಾಕೋಲ್ ಉಜ್ಜಿದರೆ ಕೂದಲು ನಿಮಿರುವುದನ್ನು ಮಕ್ಕಳೂ ಬಲ್ಲರು. ಸಿಮಾಸ್ ಐಸಿಗೆ ಅದಕ್ಕಿಂತ ಕೆಟ್ಟ ಹಾಸಿಗೆ ಇಲ್ಲ. ತಿಳಿದವರು ಮೇಲೆ ಅಲ್ಯೂಮಿನಿಯಂ ಫಾಯಿಲ್ ಹೊದಿಸಿ ಚುಚ್ಚುತ್ತಿದ್ದರು, ಎಲ್ಲ ಕಾಲುಗಳೂ ಒಂದಕ್ಕೊಂದು ತಾಗಿ ವಿದ್ಯುತ್ ಸಮ ಆಗಲಿ ಎಂದು. ಕಾರ್ಖಾನೆಯಿಂದ ಬರುವವು ವಿದ್ಯುತ್ ಹರಿಯಬಿಡುವ ಕಪ್ಪು ಫೋಮ್, ತಿಳಿಗುಲಾಬಿ ಚೀಲ, ಬೆಳ್ಳಿ ಬಣ್ಣದ ಚೀಲಗಳಲ್ಲಿ ಬರತೊಡಗಿದವು. ಆದರೂ ಹೆಸರು ಮಾತ್ರ ಇನ್ನೂ ಐಸಿಯ ಬೆನ್ನ ಮೇಲೇ ಇತ್ತು.

ಹೆಸರಿಲ್ಲದ ಕಾಳು

1980ರ ದಶಕದಿಂದೀಚೆಗೆ ಬೋರ್ಡಿಗೆ ತೂತು ಕೊರೆದು ಕಾಲು ತೂರಿಸುವ ಪದ್ಧತಿ ಮೆಲ್ಲಮೆಲ್ಲಗೆ ಹಿಂದೆ ಬಿದ್ದು, ಮೇಲ್ಮೈಗೇ ಅಂಟಿಸಿ ಬೆಸೆಯುವ ಎಸ್‌ಎಂಡಿ ಭಾಗಗಳು ಹರಡಿದವು. 0603 ಎಂಬ ಅಳತೆಯದು 1.6 ಮಿಲಿಮೀಟರ್ ಉದ್ದ, 0.8 ಅಗಲ: ಸಾಸಿವೆ ಗಾತ್ರ. 0402 ಎಂದರೆ 1 ಮಿಲಿಮೀಟರ್‌ಗೆ ಅರ್ಧ: ಗಸಗಸೆ. ಬಣ್ಣದ ಪಟ್ಟಿಗೆ ಅಲ್ಲಿ ಜಾಗ ಇಲ್ಲ. ದೊಡ್ಡ ರೆಸಿಸ್ಟರ್‌ಗಳ ಮೇಲೆ 103 ಎಂದು ಮೂರಂಕಿ ಬಂತು, ಅಂದರೆ ಹತ್ತರ ಮುಂದೆ ಮೂರು ಸೊನ್ನೆ, 10 ಕಿಲೋಓಮ್. ಶೇಕಡಾ 1ರವುಗಳ ಮೇಲೆ 01ಸಿ ಎಂಬಂಥ ಗುಪ್ತಲಿಪಿ ಬಂತು; ಅದೂ 10 ಕಿಲೋಓಮ್ ಎಂದು ತಿಳಿಯಲು ಕೋಷ್ಟಕ ನೋಡಬೇಕು. ಗಸಗಸೆ ಗಾತ್ರದವುಗಳ ಮೇಲೆ ಸಾಮಾನ್ಯವಾಗಿ ಏನೂ ಇಲ್ಲ. ಸೆರಾಮಿಕ್ ಕೆಪಾಸಿಟರ್‌ಗಳಂತೂ ಎಲ್ಲವೂ ಒಂದೇ ಕಂದು ಬಣ್ಣದ, ಬೋಳು ತುಣುಕು.

ಇವು ಬರುವುದು 8 ಮಿಲಿಮೀಟರ್ ಅಗಲದ ಪಟ್ಟಿಯಲ್ಲಿ, ಸಿನಿಮಾ ರೀಲಿನಂತೆ ಅಂಚಿಗೆ ತೂತುಗಳಿರುವ ಸುರುಳಿಯಾಗಿ. ನಾಲ್ಕು ಮಿಲಿಮೀಟರ್‌ಗೆ ಒಂದು ಗುಂಡಿ, ಗುಂಡಿಯಲ್ಲಿ ಒಂದು ಕಾಳು. 5000 ರೆಸಿಸ್ಟರ್‌ಗಳ ಸುರುಳಿ ಬಿಚ್ಚಿದರೆ 20 ಮೀಟರ್. ಕಾರ್ಖಾನೆಯ ಯಂತ್ರಕ್ಕೆ ಸುರುಳಿ ಎಲ್ಲಿ ಸಿಕ್ಕಿಸಿದೆ ಎಂಬುದಷ್ಟೇ ಮುಖ್ಯ, ಕಾಳಿನ ಮೇಲೆ ಹೆಸರು ಬೇಕಿಲ್ಲ. ಆದ್ದರಿಂದ ಹೆಸರೆಲ್ಲ ಸುರುಳಿಯ ಪಕ್ಕದ ಚೀಟಿಗೆ ಹೋಯಿತು. ನಮಗೆ ಬೀದಿಯಲ್ಲಿ ಸಿಗುವುದು ಅದರಿಂದ ಕತ್ತರಿಸಿದ ಗೇಣುದ್ದದ ತುಂಡು. ಚೀಟಿ ಅಂಗಡಿಯವನ ಸುರುಳಿಯಲ್ಲೇ ಉಳಿಯಿತು.

ಅಳೆದು ತಿಳಿಯಬಹುದಲ್ಲ ಎನ್ನಬಹುದು. ರೆಸಿಸ್ಟರ್ ಆದರೆ ಸರಿ, ಮೀಟರ್ ಹೇಳುತ್ತದೆ. ಕೆಪಾಸಿಟರ್‌ನ ಧಾರಣಶಕ್ತಿಯನ್ನೂ ಹೇಳುತ್ತದೆ. ಆದರೆ ಅದು 6.3 ವೋಲ್ಟಿನದೋ 50 ವೋಲ್ಟಿನದೋ ಎಂದು ಹೇಳುವ ಮೀಟರ್ ಮನೆಯಲ್ಲಿ ಇರುವುದಿಲ್ಲ. ತಾಳುವ ವೋಲ್ಟನ್ನು ಪರೀಕ್ಷೆಯಿಂದ ತಿಳಿಯಬೇಕೆಂದರೆ ಅದು ಒಡೆಯುವವರೆಗೂ ಹೋಗಬೇಕು. 6.3 ವೋಲ್ಟಿನದನ್ನು 12 ವೋಲ್ಟಿನ ಜಾಗದಲ್ಲಿ ಕೂರಿಸಿದರೆ ಇವತ್ತು ನಡೆದೀತು, ಮುಂದೊಂದು ದಿನ ಒಳಗೇ ಶಾರ್ಟ್ ಆಗಿ ಬೋರ್ಡನ್ನೇ ಸುಟ್ಟೀತು. ಒಮ್ಮೆ ಚೀಟಿ ಕಳೆದರೆ ಆ ಕಾಳಿನ ಒಂದು ಗುಣ ಶಾಶ್ವತವಾಗಿ ಕಳೆದಂತೆ.

ಎರಡು ಪೆಟ್ಟಿಗೆ

ಎರಡು ವರ್ಷಗಳ ಕೆಳಗೆ ಕೆಲವೇ ತಿಂಗಳ ಅಂತರದಲ್ಲಿ ನನ್ನ ಕೈಗೆ ಎರಡು ಪೆಟ್ಟಿಗೆ ಬಂದವು. ಮೊದಲನೆಯದು ವಿದೇಶಕ್ಕೆ ಹೊರಟ ಕಿರಿಯ ಸಹೋದ್ಯೋಗಿಯೊಬ್ಬರದು. ಅಚ್ಚುಕಟ್ಟಾದ ಪ್ಲಾಸ್ಟಿಕ್ ಪೆಟ್ಟಿಗೆ, ಒಳಗೆ ನೂರಾರು ಎಸ್‌ಎಂಡಿ ಪಟ್ಟಿಗಳು, ಬಹುಪಾಲು ಹೊಸವು. ಯಾವುದು ಎಲ್ಲಿ ಎಂಬ ಪಟ್ಟಿ ಅವರ ಹಳೆಯ ಲ್ಯಾಪ್‌ಟಾಪಿನಲ್ಲಿತ್ತಂತೆ, ಅದನ್ನು ಮಾರಿಯಾಗಿತ್ತು. ಎರಡು ಭಾನುವಾರ ಕೂತು ಅಳೆದೆ. ರೆಸಿಸ್ಟರ್‌ಗಳು ಉಳಿದವು. ಕೆಪಾಸಿಟರ್‌ಗಳು ಅಷ್ಟೂ ಇ-ತ್ಯಾಜ್ಯದ ಚೀಲಕ್ಕೆ ಹೋದವು.

ಎರಡನೆಯದು ನಮ್ಮ ಸೊಸೈಟಿಯಲ್ಲಿದ್ದ ಧಾರವಾಡ ಕಡೆಯ ಹಿರಿಯರೊಬ್ಬರದು. ದೂರವಾಣಿ ಇಲಾಖೆಯಿಂದ ನಿವೃತ್ತರಾಗಿ ಮಗನ ಮನೆಯಲ್ಲಿದ್ದರು. ಅವರು ತೀರಿಕೊಂಡ ಮೇಲೆ ಮೊಮ್ಮಗ ಎರಡು ತಗಡಿನ ಪೆಟ್ಟಿಗೆ ಹೊತ್ತು ತಂದ. ಇಂಜಿನಿಯರಿಂಗ್ ಮೊದಲ ವರ್ಷದ ಹುಡುಗ.

“ಅಂಕಲ್, ಅಜ್ಜಾನ ಸಾಮಾನ್ರಿ ಇವು. ಭಂಗಾರಕ್ಕ ಹಾಕು ಅಂತ ಪಪ್ಪ ಅಂದ್ರು. ನೀವೊಮ್ಮೆ ನೋಡ್ತೀರೇನ್ರಿ?”

ಬೆಂಕಿಪೊಟ್ಟಣಗಳು, ಮಾತ್ರೆ ಡಬ್ಬಿಗಳು, ಗುಳಿಗೆಯಷ್ಟು ಸಣ್ಣಗೆ ಮಡಿಚಿದ ಪೊಟ್ಟಣಗಳು. ಐವತ್ತು ವರ್ಷ ಹಳೆಯ ರೆಸಿಸ್ಟರ್ ಒಂದನ್ನು ಹುಡುಗ ಬೆಳಕಿಗೆ ಹಿಡಿದು ಹಳದಿ, ನೇರಳೆ, ಕಿತ್ತಳೆ ಎಂದು ಬೆರಳು ಮಡಿಚಿ 47 ಕೆ ಎಂದ. ಸರಿಯಾಗಿತ್ತು. ಅಜ್ಜ ಹುಟ್ಟಿದ ಊರನ್ನೂ ಸರಿಯಾಗಿ ನೋಡಿರದ ಹುಡುಗನಿಗೆ ಅಜ್ಜನ ರೆಸಿಸ್ಟರ್ ಓದಲು ಬಂತು. ಆದರೆ ಪೊಟ್ಟಣದ ಮೇಲೆ ಅಜ್ಜ ಬರೆದದ್ದು ಕನ್ನಡದಲ್ಲಿ, ಅಂಕಿಗಳೂ ಕನ್ನಡದವು. ಮನೆಯಲ್ಲಿ ಚೊಕ್ಕ ಧಾರವಾಡ ಕನ್ನಡ ಆಡುವ ಹುಡುಗ ಪೊಟ್ಟಣವನ್ನು ನನ್ನ ಮುಂದೆ ಹಿಡಿದ. “ಇದೇನ್ ಬರದಾರ ನೋಡ್ರಿ, ನಂಗ ಓದಾಕ ಬರಂಗಿಲ್ಲ.”

ನಾನು ಓದಿದೆ. ಎಸಿ 128 ಟ್ರಾನ್ಸಿಸ್ಟರ್‌ಗಳು ಎರಡೆರಡಾಗಿ ದಾರದಲ್ಲಿ ಕಟ್ಟಿದ್ದವು. ಮೇಲೆ ‘ಜೋಡಿ, ಬೇರೆ ಮಾಡಬಾರದು’ ಎಂದಿತ್ತು. ರೇಡಿಯೊದ ಕೊನೆಯ ಹಂತದಲ್ಲಿ ಎರಡು ಟ್ರಾನ್ಸಿಸ್ಟರ್ ಸಮ ಶಕ್ತಿಯವಾಗಿದ್ದರೆ ಮಾತ್ರ ಧ್ವನಿ ಒಡೆಯುವುದಿಲ್ಲ. ಅವರು ಒಂದೊಂದನ್ನೂ ಅಳೆದು ಜೊತೆ ಮಾಡಿಟ್ಟಿದ್ದರು. ದೊಡ್ಡ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳ ಡಬ್ಬಿಯ ಮೇಲೆ ‘ಹಳೇವು, ವೋಲ್ಟ್ ಸಾವಕಾಶ ಏರಿಸಬೇಕು’ ಎಂದಿತ್ತು. ವರ್ಷಗಟ್ಟಲೆ ಸುಮ್ಮನಿದ್ದರೆ ಅವುಗಳ ಒಳಗಿನ ಆಕ್ಸೈಡ್ ಪದರ ಸವೆಯುತ್ತದೆ. ರೆಸಿಸ್ಟರ್ ಮೂಲಕ ಮೆಲ್ಲಗೆ ವೋಲ್ಟ್ ಕೊಟ್ಟರೆ ಮತ್ತೆ ಕಟ್ಟಿಕೊಳ್ಳುತ್ತದೆ. ಇವೆರಡೂ ಸಾಮಾನಿನ ಮೈಮೇಲೆ ಎಂದೂ ಬರೆದಿರದ ಸಂಗತಿಗಳು. ಬಣ್ಣದ ಪಟ್ಟಿ ಜಗತ್ತಿನ ಯಾರಿಗಾದರೂ ಹೇಳುವಂಥದ್ದನ್ನು ಹೇಳಿತ್ತು. ಮುಂದೆ ಯಾರಾದರೂ ಬಳಸುತ್ತಾರೆ ಎಂದು ಅಜ್ಜ ನೆನೆದು ಬರೆದದ್ದು ಡಬ್ಬಿಯ ಮೇಲಿತ್ತು, ಮೊಮ್ಮಗ ಓದಲಾರದ ಲಿಪಿಯಲ್ಲಿ.

ಈ ಎರಡು ಪೆಟ್ಟಿಗೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಎಪ್ಪತ್ತು ಎಂಬತ್ತು ವರ್ಷಗಳ ಚರಿತ್ರೆ ನನಗೆ ಒಂದೇ ಗೆರೆಯಾಗಿ ಕಂಡಿತು. ಸಾಮಾನು ಸಣ್ಣದಾಗುತ್ತಾ ಬಂದಂತೆ ಹೆಸರು ಅದರ ಮೈಯಿಂದ ಇಳಿದು ಡಬ್ಬಿಗೆ ಹೋಯಿತು, ಡಬ್ಬಿಯಿಂದ ಚೀಟಿಗೆ, ಚೀಟಿಯಿಂದ ಯಾರದೋ ಕಂಪ್ಯೂಟರಿನ ಪಟ್ಟಿಗೆ. ಒಂದೊಂದು ಹೆಜ್ಜೆಯಲ್ಲೂ ಸಾಮಾನು ಅಗ್ಗವಾಯಿತು, ಉತ್ತಮವಾಯಿತು. ಆದರೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವ ಶಕ್ತಿ ಕಡಿಮೆಯಾಯಿತು. ಮನೆ ಬದಲಾಯಿಸುತ್ತಲೇ ಇರುವ ನಮ್ಮಂಥವರಿಗೆ ಇದು ಸಣ್ಣ ಮಾತಲ್ಲ. ಪ್ಯಾಕರ್ಸ್‌ನವರು ಡ್ರಾಯರುಗಳ ಬೀರುವನ್ನು ಒಮ್ಮೆ ತಲೆಕೆಳಗು ಹಿಡಿದರೆ ಸಾಕು, ಹಳೆಯ ರೆಸಿಸ್ಟರ್‌ಗಳನ್ನು ಒಂದು ಸಂಜೆ ಕೂತು ಆರಿಸಬಹುದು. ಸಾಸಿವೆ ಗಾತ್ರದ ಕೆಪಾಸಿಟರ್‌ಗಳನ್ನು ಆರಿಸಲಾಗದು.

ಈಗ ನಾನು ಎಸ್‌ಎಂಡಿ ಪಟ್ಟಿಗಳನ್ನು ತಂದ ದಿನವೇ ಸಣ್ಣ ಜಿಪ್ ಚೀಲಕ್ಕೆ ಹಾಕಿ, ಚೀಲದ ಒಳಗೆ ಒಂದು ಚೀಟಿ ಇಡುತ್ತೇನೆ: ಬೆಲೆ, ವೋಲ್ಟ್, ಒಳಗಿನ ಸೆರಾಮಿಕ್ ಜಾತಿ, ತಯಾರಕರ ಸಂಖ್ಯೆ, ತಂದ ವರ್ಷ. ಪಟ್ಟಿಯ ಬೆನ್ನ ಮೇಲೂ ಸಣ್ಣ ಮಾರ್ಕರಿನಲ್ಲಿ ಅದನ್ನೇ ಬರೆಯುತ್ತೇನೆ, ಚೀಟಿ ಕಳೆದರೆ ಇರಲಿ ಎಂದು. ಪುಣೆಯ ಮಳೆಗಾಲದ ತೇವಕ್ಕೆ ಸಿಲಿಕಾ ಜೆಲ್ ಪೊಟ್ಟಣ. ಚೀಟಿ ಬರೆಯಲು ಒಂದು ನಿಮಿಷ ಹಿಡಿಯುತ್ತದೆ. ಆಫೀಸಿನಲ್ಲಿ ಕೆಲಸ ಬಿಟ್ಟು ಹೋಗುವವರ ಹತ್ತಿರ ಇದೇ ಒಂದು ನಿಮಿಷವನ್ನು ನಾನು ಬೇಡಿಕೊಳ್ಳುವುದು. ಕೋಡ್ ಎಲ್ಲ ಉಳಿದಿರುತ್ತದೆ, ಅದನ್ನು ಹಾಗೇ ಯಾಕೆ ಬರೆದರು ಎಂಬುದು ಮಾತ್ರ ಅವರ ಜೊತೆ ಹೋಗಿರುತ್ತದೆ.

ಅಜ್ಜನ ಪೆಟ್ಟಿಗೆಗಳು ಭಂಗಾರಕ್ಕೆ ಹೋಗಲಿಲ್ಲ. ಹುಡುಗ ಶನಿವಾರಗಳಂದು ಬರುತ್ತಾನೆ. ನಾನು ಓದುತ್ತೇನೆ, ಅವನು ಪ್ರತಿ ಪೊಟ್ಟಣದ ಮೇಲೆ ಅಜ್ಜನ ಅಕ್ಷರದ ಕೆಳಗೆ ಇಂಗ್ಲಿಷಿನಲ್ಲಿ ಬರೆದುಕೊಳ್ಳುತ್ತಾನೆ. ಕಳೆದ ತಿಂಗಳಿಂದ ೪ ಮತ್ತು ೭ನ್ನು ನನ್ನ ಸಹಾಯ ಇಲ್ಲದೆ ಗುರುತಿಸುತ್ತಿದ್ದಾನೆ. ಇನ್ನೂ ಮೂವತ್ತು ಚಿಲ್ಲರೆ ಪೊಟ್ಟಣ ಬಾಕಿ ಇವೆ.